ಫ್ರಾನ್ಸ್‌ನ ಹಳ್ಳಿದಾರಿಗಳಲ್ಲಿ ಕಾರು ಪ್ರವಾಸ: ದಿನಸಿ ಖರೀದಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಡಿಗೆ ಕಾರು ತೆಗೆದುಕೊಂಡು, ಝೀತ್ ಎಂದು ಕರೆಯುವ ಅಡುಗೆಮನೆ ಇರುವ ಹಳ್ಳಿಮನೆಗಳಲ್ಲಿ ಉಳಿದು, ಫ್ರಾನ್ಸ್‌ನ ಒಳನಾಡು ಸುತ್ತಬೇಕು ಎಂದಿರುವ ಕನ್ನಡಿಗರು ಕೇಳುವ ಪ್ರಶ್ನೆಗಳು ಇಲ್ಲಿವೆ. ಊಟ ತಿಂಡಿಯ ಚಿಂತೆ ಇಲ್ಲದೆ ದಾರಿ ಸಾಗಲಿ ಎಂಬುದೇ ಇದರ ಉದ್ದೇಶ.

ದಿನಸಿ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ಏನು ತಿಳಿದಿರಬೇಕು?

ಹೊತ್ತು. ಏನು ಕೊಳ್ಳಬೇಕು ಅನ್ನುವುದಕ್ಕಿಂತ ಯಾವಾಗ ಕೊಳ್ಳಬೇಕು ಅನ್ನುವುದು ಇಲ್ಲಿ ದೊಡ್ಡದು. ನಮ್ಮಲ್ಲಿ ರಾತ್ರಿ ಹತ್ತಕ್ಕೂ ಬೀದಿ ತುದಿಯ ಅಂಗಡಿಯಲ್ಲಿ ಹಾಲು, ಈರುಳ್ಳಿ ಸಿಗುತ್ತದೆ. ಅದೇ ಧೈರ್ಯದಲ್ಲಿ ಫ್ರಾನ್ಸ್‌ನ ಹಳ್ಳಿಗೆ ಸಂಜೆ ಎಂಟಕ್ಕೆ ತಲುಪಿದರೆ ಬೆಳಕಿರುವ ಅಂಗಡಿ ಒಂದೂ ಕಾಣದೇ ಹೋಗಬಹುದು. ಬೆಳಿಗ್ಗೆ ಖರೀದಿ, ಮಧ್ಯಾಹ್ನ ಪ್ರಯಾಣ, ಸಂಜೆ ಅಡುಗೆ. ದಿನವನ್ನು ಹೀಗೆ ಹಂಚಿಕೊಂಡರೆ ಅರ್ಧ ತೊಂದರೆ ತಾನಾಗಿಯೇ ಕಳೆಯುತ್ತದೆ.

ಮಧ್ಯಾಹ್ನ ಅಂಗಡಿಗಳು ನಿಜವಾಗಿಯೂ ಮುಚ್ಚುತ್ತವಾ?

ಹೌದು. ಹಳ್ಳಿಯ ಸಣ್ಣ ಕಿರಾಣಿ ಅಂಗಡಿ, ಬೇಕರಿ, ಔಷಧಿ ಅಂಗಡಿ, ಅಂಚೆ ಕಚೇರಿ ಎಲ್ಲವೂ ಸಾಮಾನ್ಯವಾಗಿ ಹನ್ನೆರಡೂವರೆ ಹೊತ್ತಿಗೆ ಬಾಗಿಲು ಹಾಕುತ್ತವೆ. ಮತ್ತೆ ತೆರೆಯುವುದು ಎರಡೂವರೆ, ಮೂರಕ್ಕೆ. ದಕ್ಷಿಣದಲ್ಲಿ, ಬೇಸಿಗೆಯಲ್ಲಿ, ಇನ್ನೂ ತಡವಾಗಬಹುದು. ಅಂಗಡಿಯವರು ಮನೆಗೆ ಹೋಗಿ ಕೂತು ಊಟ ಮಾಡುವ ಹೊತ್ತದು. ಊರ ಹೊರಗಿನ ದೊಡ್ಡ ಸೂಪರ್‌ಮಾರ್ಕೆಟ್‌ಗಳು ಮಾತ್ರ ಬೆಳಿಗ್ಗೆ ಎಂಟೂವರೆ, ಒಂಬತ್ತರಿಂದ ಸಂಜೆ ಏಳೂವರೆ, ಎಂಟರವರೆಗೆ ಬಿಡುವಿಲ್ಲದೆ ನಡೆಯುತ್ತವೆ. ಸಣ್ಣ ಪಟ್ಟಣಗಳಲ್ಲಿ ಕೆಲವು ಸೂಪರ್‌ಮಾರ್ಕೆಟ್‌ಗಳೂ ಮಧ್ಯಾಹ್ನ ಮುಚ್ಚುತ್ತವೆ. ಬಾಗಿಲಿಗೆ ಅಂಟಿಸಿದ ವೇಳಾಪಟ್ಟಿ ನೋಡಿಕೊಳ್ಳಿ.

ಭಾನುವಾರ ಏನು ಮಾಡುವುದು?

ಭಾನುವಾರ ಬೆಳಿಗ್ಗೆ ಪರವಾಗಿಲ್ಲ. ಆಹಾರದ ಅಂಗಡಿಗಳು ಸಿಬ್ಬಂದಿ ಇಟ್ಟುಕೊಂಡು ಮಧ್ಯಾಹ್ನ ಒಂದರವರೆಗೆ ತೆರೆದಿರಲು ಕಾನೂನಿನಲ್ಲೇ ಅವಕಾಶವಿದೆ. ಹೆಚ್ಚಿನವು ಹನ್ನೆರಡೂವರೆಗೇ ಮುಗಿಸುತ್ತವೆ. ಆಮೇಲೆ ಸೋಮವಾರ ಬೆಳಿಗ್ಗೆಯವರೆಗೆ ಹಳ್ಳಿಗಾಡು ನಿಶ್ಶಬ್ದ. ಸೋಮವಾರವೂ ಅನೇಕ ಬೇಕರಿಗಳು, ಸಣ್ಣ ಅಂಗಡಿಗಳು ವಾರದ ರಜೆ ತೆಗೆದುಕೊಳ್ಳುತ್ತವೆ. ಹಾಗಾಗಿ ಶನಿವಾರವೇ ಎರಡು ದಿನಕ್ಕಾಗುವಷ್ಟು ತಂದಿಟ್ಟುಕೊಳ್ಳಿ. ಝೀತ್‌ಗಳ ವಾರದ ಬಾಡಿಗೆ ಬಹುಪಾಲು ಶನಿವಾರದಿಂದ ಶನಿವಾರಕ್ಕೆ. ಹೊಸ ಮನೆಯ ಬೀಗದ ಕೈ ಪಡೆಯುವ ಹೊತ್ತಿಗೆ ಸಂಜೆ ನಾಲ್ಕೋ ಐದೋ ಆಗಿರುತ್ತದೆ. ಮನೆ ತಲುಪುವ ಮುಂಚೆಯೇ ದಾರಿಯಲ್ಲಿ ಸೂಪರ್‌ಮಾರ್ಕೆಟ್‌ಗೆ ಹೋಗಿಬನ್ನಿ.

ಮೇ 1ರಂದು ಬಹುತೇಕ ಎಲ್ಲವೂ ಬಂದ್. ಮೇ ತಿಂಗಳಲ್ಲಿ ರಜೆಗಳೇ ಜಾಸ್ತಿ: 1, 8, ಮತ್ತೆ ವರ್ಷಕ್ಕೊಂದು ತಾರೀಖಿಗೆ ಬರುವ ಅಸೆನ್ಸಿಯೋಂ ಹಬ್ಬ. ಜುಲೈ 14 ಮತ್ತು ಆಗಸ್ಟ್ 15ರಂದು ಅರ್ಧ ದಿನ ಸಿಕ್ಕಿದರೆ ಅದೃಷ್ಟ.

ಯಾವ ಅಂಗಡಿಯಲ್ಲಿ ಏನು ಸಿಗುತ್ತದೆ?

ಲೆಕ್ಲೆರ್, ಕಾರ್ಫೂರ್, ಇಂಟರ್‌ಮಾರ್ಶೆ, ಸೂಪರ್ ಯು ಇವು ಪ್ರತಿ ಸಣ್ಣ ಪಟ್ಟಣದ ಹೊರವಲಯದಲ್ಲಿ ಒಂದಾದರೂ ಇರುವ ದೊಡ್ಡ ಅಂಗಡಿಗಳು. ಲಿಡ್ಲ್, ಆಲ್ದಿ ಅಗ್ಗ, ಆದರೆ ಆಯ್ಕೆ ಕಡಿಮೆ. ಹಳ್ಳಿಯ ಒಳಗೆ ವಿವಾಲ್, ಪ್ರೊಕ್ಸಿ, ಸ್ಪಾರ್ ಹೆಸರಿನ ಚಿಕ್ಕ ಅಂಗಡಿಗಳು. ಅಲ್ಲಿ ಬೆಲೆ ಸ್ವಲ್ಪ ಜಾಸ್ತಿ. ಆದರೂ ಟೊಮೆಟೊ, ಮೊಟ್ಟೆ, ಹಾಲಿನಂಥವನ್ನು ಅಲ್ಲೇ ಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ. ಆ ಒಂದು ಅಂಗಡಿ ಮುಚ್ಚಿದರೆ ಕಾರು ಓಡಿಸಲಾಗದ ವಯಸ್ಸಾದವರು ಬ್ರೆಡ್ಡಿಗೂ ಇನ್ನೊಬ್ಬರನ್ನು ಕಾಯಬೇಕಾಗುತ್ತದೆ.

ಬಿಯೋಕೂಪ್ ಸಾವಯವ ಅಂಗಡಿಗಳ ಸರಣಿ. ಬೇಳೆಕಾಳು, ಹಿಟ್ಟು, ಸಾಸಿವೆ, ಎಳ್ಳು ಬಿಡಿಯಾಗಿ ಬೇಕಷ್ಟೇ ತೂಕಕ್ಕೆ ಸಿಗುತ್ತವೆ. ಗ್ರಾಂ ಫ್ರೆ ಅನ್ನುವ ಅಂಗಡಿ ದಾರಿಯಲ್ಲಿ ಕಂಡರೆ ಬಿಡಬೇಡಿ. ತರಕಾರಿ, ಹಣ್ಣಿನ ಜತೆ ಶುಂಠಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಮಸಾಲೆ ಸಾಮಾನು ಒಂದೇ ಕಡೆ ಸಿಗುವ ಜಾಗ ಅದು.

ಸೂಪರ್‌ಮಾರ್ಕೆಟ್ ಒಳಗೆ ಗೊಂದಲವಾಗುವ ಸಂಗತಿಗಳು ಯಾವುವು?

ಟ್ರಾಲಿ ಬಿಡಿಸಲು 1 ಯೂರೋ ಅಥವಾ 50 ಸೆಂಟ್‌ನ ನಾಣ್ಯ ಹಾಕಬೇಕು. ಟ್ರಾಲಿ ವಾಪಸ್ ಸಿಕ್ಕಿಸಿದಾಗ ನಾಣ್ಯ ಮರಳಿ ಬರುತ್ತದೆ. ಕೈಚೀಲ ನಿಮ್ಮದೇ ಇರಲಿ. ಬಿಲ್ಲಿಂಗ್ ಕೌಂಟರ್‌ನಲ್ಲಿ ಕೊಡುತ್ತಿದ್ದ ತೆಳು ಪ್ಲಾಸ್ಟಿಕ್ ಚೀಲಗಳನ್ನು 2016ರ ಜುಲೈನಲ್ಲೇ ನಿಷೇಧಿಸಿದ್ದಾರೆ. ಸಾಮಾನನ್ನು ಚೀಲಕ್ಕೆ ತುಂಬುವ ಕೆಲಸವೂ ನಿಮ್ಮದೇ.

ತರಕಾರಿ ತೂಕದ ವಿಷಯ ಗಮನಿಸಿ. ಕೆಲವು ಅಂಗಡಿಗಳಲ್ಲಿ ಕೌಂಟರ್‌ನಲ್ಲೇ ತೂಗುತ್ತಾರೆ. ಕೆಲವು ಕಡೆ ನೀವೇ ತಕ್ಕಡಿಯ ಮೇಲಿಟ್ಟು, ಪರದೆಯಲ್ಲಿ ಆ ತರಕಾರಿಯ ಚಿತ್ರ ಒತ್ತಿ, ಬರುವ ಚೀಟಿ ಅಂಟಿಸಬೇಕು. ತರಕಾರಿ ವಿಭಾಗದಲ್ಲಿ ತಕ್ಕಡಿ ಕಂಡರೆ, ಬೇರೆಯವರು ತೂಗುತ್ತಿದ್ದರೆ, ನೀವೂ ತೂಗಿ. ಇಲ್ಲದಿದ್ದರೆ ಕೌಂಟರ್‌ನಿಂದ ವಾಪಸ್ ಓಡಬೇಕಾಗುತ್ತದೆ, ಹಿಂದೆ ಸಾಲು ನಿಂತಿರುತ್ತದೆ.

2023ರ ಆಗಸ್ಟ್‌ನಿಂದ ಬಿಲ್ ತಾನಾಗಿ ಮುದ್ರಿಸಿ ಕೊಡುವುದಿಲ್ಲ. ಬೇಕಿದ್ದರೆ ಕೇಳಬೇಕು. ಕೇಳಿ ತೆಗೆದುಕೊಳ್ಳುವುದು ಒಳ್ಳೆಯದು, ಕೆಲವು ಕಡೆ ಸ್ವಯಂ ಬಿಲ್ಲಿಂಗ್ ಜಾಗದಿಂದ ಹೊರಬರಲು ಗೇಟಿಗೆ ಬಿಲ್ಲಿನ ಗೆರೆಗಳನ್ನು ತೋರಿಸಬೇಕು. ಬೆಲೆಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ಚೌಕಾಸಿ ಇಲ್ಲ.

ವಾರದ ಸಂತೆಗೆ ಹೋಗಲೇಬೇಕಾ?

ಹೋಗಲೇಬೇಕು. ಇಡೀ ಪ್ರವಾಸದ ದಾರಿಯನ್ನು ಸಂತೆಯ ದಿನಗಳಿಗೆ ತಕ್ಕಂತೆ ಹಾಕಿಕೊಂಡರೂ ತಪ್ಪಿಲ್ಲ. ಪ್ರತಿ ಪಟ್ಟಣಕ್ಕೂ ವಾರದಲ್ಲಿ ಒಂದೋ ಎರಡೋ ದಿನ ಗೊತ್ತು ಮಾಡಿರುತ್ತಾರೆ. ದೊರ್ದೊಞ್ ಪ್ರಾಂತ್ಯದ ಸಾರ್ಲಾದಲ್ಲಿ ಬುಧವಾರ, ಶನಿವಾರ. ಪ್ರೊವಾನ್ಸ್ ಕಡೆ ಆಪ್ಟ್‌ನಲ್ಲಿ ಶನಿವಾರ, ವೇಝೋಂ ಲಾ ರೊಮೇನ್‌ನಲ್ಲಿ ಮಂಗಳವಾರ, ಸೇಂ ರೆಮಿಯಲ್ಲಿ ಬುಧವಾರ, ಲಿಲ್ ಸುರ್ ಲಾ ಸೋರ್ಗ್‌ನಲ್ಲಿ ಭಾನುವಾರ. ಬರ್ಗಂಡಿಯ ಬೋನ್‌ನಲ್ಲಿ ಶನಿವಾರ. ಬಹುಪಾಲು ಬೆಳಗಿನ ಸಂತೆಗಳು, ಎಂಟರಿಂದ ಹನ್ನೆರಡೂವರೆ. ಹನ್ನೆರಡಕ್ಕೇ ಡೇರೆ ಬಿಚ್ಚಲು ಶುರು ಮಾಡುತ್ತಾರೆ. ಬೇಸಿಗೆಯಲ್ಲಿ ಹತ್ತು ಗಂಟೆ ನಂತರ ಕಾರು ನಿಲ್ಲಿಸಲು ಜಾಗ ಸಿಗುವುದೇ ಕಷ್ಟ. ಒಂಬತ್ತಕ್ಕೇ ಹೋಗಿಬಿಡಿ. ಸಂತೆಯ ಹಿಂದಿನ ರಾತ್ರಿ ಊರ ಚೌಕದಲ್ಲಿ ಕಾರು ನಿಲ್ಲಿಸಬೇಡಿ. ಬೆಳಿಗ್ಗೆ ಎಳೆದೊಯ್ಯುತ್ತಾರೆ, ಫಲಕದಲ್ಲಿ ದಿನ, ಸಮಯ ಬರೆದಿರುತ್ತದೆ.

ಹಣ್ಣನ್ನು ನೀವೇ ಕೈ ಹಾಕಿ ಆರಿಸಬೇಡಿ, ಅಂಗಡಿಯವರಿಗೆ ಬಿಡಿ. ಬುಟ್ಟಿ ಕೊಟ್ಟರೆ ಮಾತ್ರ ಆರಿಸಿ. ಮೆಲನ್ ಹಣ್ಣು ಕೊಳ್ಳುವಾಗ ಇದರ ಚೆಂದ ಗೊತ್ತಾಗುತ್ತದೆ. ಪ್ರೊವಾನ್ಸ್‌ನ ಕವಾಯೋಂ ಊರು ಮೆಲನ್‌ಗೆ ಹೆಸರುವಾಸಿ. ಅಂಗಡಿಯಾಕೆ ಮೊದಲು ಕೇಳುವುದು, ತಿನ್ನುವುದು ಯಾವಾಗ, ಇವತ್ತು ಮಧ್ಯಾಹ್ನವಾ, ರಾತ್ರಿಗಾ, ನಾಳೆಗಾ ಎಂದು. ಉತ್ತರ ಕೇಳಿಕೊಂಡು ಒಂದೊಂದೇ ಹಣ್ಣನ್ನು ಅಂಗೈಯಲ್ಲಿ ಎತ್ತಿ ಭಾರ ನೋಡುತ್ತಾರೆ. ತೊಟ್ಟಿನ ಸುತ್ತ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆಯಾ ನೋಡುತ್ತಾರೆ, ತಿರುಗಿಸಿ ತಳವನ್ನು ಮೂಸುತ್ತಾರೆ. ಬಿರುಕು ಬಿಟ್ಟದ್ದು ಇವತ್ತಿಗೆ, ಬಿಡದೇ ಇರುವುದು ನಾಳೆಗೆ. ಎರಡನ್ನೂ ಕೊಂಡರೆ ಯಾವುದು ಯಾವಾಗಿನದು ಎಂದು ಬೇರೆ ಬೇರೆ ಕಾಗದದ ಚೀಲದಲ್ಲಿ ಹಾಕಿ ಕೊಡುತ್ತಾರೆ. ನಮ್ಮ ಊರಿನ ಹಣ್ಣಿನ ಗಾಡಿಯವರಲ್ಲೂ ಈ ಕೈಗುಣ ಇದೆ, ಅಲ್ವಾ? ಅಲ್ಲಿ ಅದಕ್ಕೆ ಸಿಗುವ ಗೌರವ ನೋಡಿದರೆ ಖುಷಿಯಾಗುತ್ತದೆ.

ಸಂತೆಯಲ್ಲಿ ಎರಡು ಬಗೆಯ ವ್ಯಾಪಾರಿಗಳಿರುತ್ತಾರೆ. ಸ್ವತಃ ಬೆಳೆದು ತಂದವರು, ಸಗಟಿನಲ್ಲಿ ಕೊಂಡು ತಂದವರು. ಫಲಕದಲ್ಲಿ ‘ಪ್ರೊದ್ಯೂಕ್ತರ್’ ಎಂದಿದ್ದರೆ ಬೆಳೆದವರೇ. ಒಂದೇ ಮೇಜಿನ ಮೇಲೆ ಬಾಳೆಹಣ್ಣು, ಅನಾನಸ್ ಕೂಡ ಇದ್ದರೆ ಅದು ಸಗಟಿನ ಮಾಲು. ಮಣ್ಣು ಮೆತ್ತಿದ ಆಲೂಗಡ್ಡೆ, ಸೊಟ್ಟ ಸೌತೆಕಾಯಿ, ನಾಲ್ಕೈದೇ ಬಗೆಯ ತರಕಾರಿ ಇರುವ ಮೇಜಿನ ಮುಂದೆ ನಿಲ್ಲಿ.

ಯಾವ ಕಾಲದಲ್ಲಿ ಏನು ಚೆನ್ನ?

ಏಪ್ರಿಲ್, ಮೇನಲ್ಲಿ ಶತಾವರಿ ದಂಟು, ಸ್ಟ್ರಾಬೆರಿ. ಜೂನ್‌ನಲ್ಲಿ ಚೆರಿ, ಏಪ್ರಿಕಾಟ್. ಜುಲೈ, ಆಗಸ್ಟ್‌ನಲ್ಲಿ ಪೀಚ್, ಮೆಲನ್, ಟೊಮೆಟೊ. ಲೊರೇನ್ ಕಡೆ ಹೋದರೆ ಆಗಸ್ಟ್ ಕೊನೆಗೆ ಮಿರಾಬೆಲ್ ಎನ್ನುವ ಹಳದಿ ಗೋಲಿಯಂಥ ಪ್ಲಮ್ ಸಿಗುತ್ತದೆ. ತುಂಬ ಸಿಹಿ, ಸೀಸನ್ ಚಿಕ್ಕದು. ಅಕ್ಟೋಬರ್‌ನಲ್ಲಿ ಪೆರಿಗೋರ್‌ನ ಆಕ್ರೋಟು, ಆರ್ದೆಶ್‌ನ ಚೆಸ್ಟ್‌ನಟ್.

ಬ್ರೆಡ್ ಎಲ್ಲಿ, ಯಾವುದು ಕೊಳ್ಳಬೇಕು?

‘ಬೂಲಾಂಜೆರಿ’ ಎಂಬ ಫಲಕ ಇದ್ದರೆ ಹಿಟ್ಟು ನಾದುವುದರಿಂದ ಸುಡುವವರೆಗೆ ಎಲ್ಲವೂ ಆ ಜಾಗದಲ್ಲೇ ಆಗಿರಬೇಕು. 1998ರ ಕಾನೂನು ಹೀಗೆ ಹೇಳುತ್ತದೆ. ‘ದೆಪೋ ದ ಪ್ಯಾಂ’ ಎಂದಿದ್ದರೆ ಬೇರೆಡೆ ಸುಟ್ಟ ಬ್ರೆಡ್ ತಂದು ಮಾರುವ ಜಾಗ. ಒಳಗೆ ಹೋಗಿ ಸುಮ್ನೆ ಬಾಗೆಟ್ (ಕೋಲಿನಂಥ ಉದ್ದ ಬ್ರೆಡ್) ಎನ್ನುವ ಬದಲು ‘ತ್ರಾದಿಸಿಯೋಂ’ ಎಂದು ಕೇಳಿ. 1993ರ ಸರ್ಕಾರಿ ಆದೇಶದ ಪ್ರಕಾರ ಇದನ್ನು ಹಿಟ್ಟು, ನೀರು, ಉಪ್ಪು, ಯೀಸ್ಟ್ ಅಥವಾ ಹುಳಿಹಿಟ್ಟಿನಿಂದ ಮಾಡಬೇಕು, ರಾಸಾಯನಿಕ ಬೆರೆಸುವಂತಿಲ್ಲ, ಫ್ರೀಜ್ ಮಾಡುವಂತಿಲ್ಲ. ಹತ್ತಿಪ್ಪತ್ತು ಸೆಂಟ್ ಜಾಸ್ತಿ ಕೊಟ್ಟರೂ ರುಚಿಯಲ್ಲಿ ಅಜಗಜಾಂತರ. ಬಾಗೆಟ್ ಮಾಡುವ ಕೈಕಸುಬು 2022ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ಅರ್ಧ ಬಾಗೆಟ್ ಕೂಡ ಕೊಡುತ್ತಾರೆ. ‘ಪಾ ತ್ರೋ ಕ್ವೀತ್’ ಎಂದರೆ ಜಾಸ್ತಿ ಬೇಯದ್ದು ಆರಿಸಿ ಕೊಡುತ್ತಾರೆ, ಮಕ್ಕಳಿಗೆ, ಹಲ್ಲು ನೋವಿನವರಿಗೆ ಅನುಕೂಲ. ಮರುದಿನಕ್ಕೆ ಬಾಗೆಟ್ ಕಟ್ಟಿಗೆಯಾಗುತ್ತದೆ. ಎರಡು ಮೂರು ದಿನ ಇಡಬೇಕಿದ್ದರೆ ‘ಪ್ಯಾಂ ದ ಕಾಂಪಾಞ್’ ಕೊಳ್ಳಿ.

ನಾವು ಸಸ್ಯಾಹಾರಿಗಳು. ಹಳ್ಳಿಗಾಡಿನಲ್ಲಿ ಏನು ತಿನ್ನುವುದು?

ಹಳ್ಳಿಯ ಹೋಟೆಲುಗಳಲ್ಲಿ ಕಷ್ಟವಿದೆ. ಆದರೆ ಸ್ವಂತ ಅಡುಗೆ ಮಾಡಿಕೊಳ್ಳುವವರಿಗೆ ಇದು ಸ್ವರ್ಗ. ತರಕಾರಿ, ಹಣ್ಣು, ಹಾಲು, ಬೆಣ್ಣೆ, ಬೇಳೆ ಎಲ್ಲವೂ ಉತ್ತಮ ಗುಣಮಟ್ಟದ್ದು. ಡಬ್ಬಿ, ಪೊಟ್ಟಣದ ಆಹಾರದಲ್ಲಿ ಮಾತ್ರ ಎಚ್ಚರ ಬೇಕು. ಬೇಯಿಸಿದ ಲೆಂಟಿಲ್ಸ್ ಡಬ್ಬಿಯಲ್ಲಿ ‘ಕ್ವಿಸಿನೆ’ ಎಂದಿದ್ದರೆ ಹಂದಿ ಇಲ್ಲವೇ ಬಾತುಕೋಳಿಯ ಕೊಬ್ಬು ಇರಬಹುದು. ‘ಓ ನಾತ್ಯುರೆಲ್’ ಎಂದಿರುವುದು ಬರೀ ಉಪ್ಪುನೀರಿನದು. ‘ಲಾರ್ದೋಂ’ ಅಂದರೆ ಹಂದಿಮಾಂಸದ ತುಣುಕು, ‘ಸೇಂದೂ’ ಅಂದರೆ ಹಂದಿಕೊಬ್ಬು. ಸೂಪ್ ಪೊಟ್ಟಣದಲ್ಲಿ ಕೋಳಿರಸ, ಸಿಹಿತಿನಿಸಿನಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಜೆಲಾಟಿನ್ ಇರುವುದುಂಟು.

ಚೀಸ್ ವಿಷಯ ಸೂಕ್ಷ್ಮ. ಕೊಂತೆ, ರೊಕ್‌ಫೋರ್, ರೆಬ್ಲೊಶೋಂನಂಥ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಹಾಲು ಒಡೆಯಲು ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಲೇಬಲ್ಲಿನಲ್ಲಿ ‘ಪ್ರೆಝೂರ್’ ಎಂದಿರುತ್ತದೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ‘ಕೊಆಗ್ಯುಲಾಂ ಮಿಕ್ರೊಬಿಯಾಂ’ ಎಂದು ಬರೆದದ್ದನ್ನು ಹುಡುಕಿ. ಗರ್ಭಿಣಿಯರು ‘ಲೇ ಕ್ರೂ’, ಅಂದರೆ ಹಸಿಹಾಲಿನ ಮೃದು ಚೀಸ್ ಬಿಡಬೇಕು.

ಮೊಟ್ಟೆ ತಿನ್ನದವರಿಗೆ ಒಂದು ಅನುಕೂಲ: ಯುರೋಪಿನ ನಿಯಮದಂತೆ ಹಾಲು, ಮೊಟ್ಟೆ, ಮೀನು, ಗೋಧಿ ಮುಂತಾದ ಅಲರ್ಜಿ ತರುವ ಪದಾರ್ಥಗಳು ಲೇಬಲ್ಲಿನಲ್ಲಿ ಎದ್ದುಕಾಣುವಂತಿರಬೇಕು. ಸಾಮಾನ್ಯವಾಗಿ ದಪ್ಪಕ್ಷರದಲ್ಲಿರುತ್ತವೆ. ಉಳಿದದ್ದಕ್ಕೆ ಫೋನಿನ ಕ್ಯಾಮೆರಾ ಅನುವಾದ ಸಾಕು. ಹಳ್ಳಿಯಲ್ಲಿ ಸಿಗ್ನಲ್ ಇರದಿದ್ದರೂ ಕೆಲಸ ಮಾಡಲಿ ಎಂದು ಫ್ರೆಂಚ್ ಭಾಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಉಪ್ಪಿಟ್ಟು, ಸಾರು, ಮೊಸರನ್ನಕ್ಕೆ ಬೇಕಾದದ್ದು ಸಿಗುತ್ತದಾ?

ಬಹಳಷ್ಟು ಸಿಗುತ್ತದೆ. ತೊಗರಿಬೇಳೆ ಹಳ್ಳಿ ಅಂಗಡಿಯಲ್ಲಿ ಸಿಗುವುದಿಲ್ಲ. ಬದಲಿಗೆ ‘ಲಾಂತಿಯ್ ಕೊರಾಯ್’ ಕೊಳ್ಳಿ, ಅದೇ ನಮ್ಮ ಮಸೂರ ಬೇಳೆ. ಕುಕ್ಕರ್ ಇಲ್ಲದೆಯೂ ಇಪ್ಪತ್ತು ನಿಮಿಷದಲ್ಲಿ ಕರಗಿ ಬೇಯುತ್ತದೆ, ಸಾರಿಗೆ ಚೆನ್ನ. ಓವೆರ್ಞ್ ಕಡೆ ಹೋದರೆ ಲ ಪ್ವಿ ಊರಿನ ಹಸಿರು ಲೆಂಟಿಲ್ಸ್ ತಪ್ಪದೆ ಕೊಳ್ಳಿ. ಬೆಂದರೂ ಕಾಳು ಒಡೆಯುವುದಿಲ್ಲ, ಪಲ್ಯ, ಕೋಸಂಬರಿಗೆ ಹೊಂದುತ್ತದೆ.

ರವೆಗೆ ‘ಸೆಮೂಲ್’ ಎನ್ನುತ್ತಾರೆ. ‘ಫಿನ್’ ಸಣ್ಣದು, ‘ಮೊಯೆನ್’ ಮಧ್ಯಮ. ಉಪ್ಪಿಟ್ಟಿಗೆ ಮಧ್ಯಮ ಸರಿ. ಪಕ್ಕದಲ್ಲೇ ಕುಸ್‌ಕುಸ್ ಪೊಟ್ಟಣಗಳಿರುತ್ತವೆ, ಅದು ಮೊದಲೇ ಹಬೆಯಲ್ಲಿ ಬೆಂದದ್ದು. ಅದನ್ನೇ ತಂದರೂ ನಷ್ಟವಿಲ್ಲ. ಒಗ್ಗರಣೆಗೆ ಈರುಳ್ಳಿ, ತರಕಾರಿ ಹಾಕಿ ಬಾಡಿಸಿ, ನೀರು ಕುದಿಸಿ, ಉರಿ ಆರಿಸಿ, ಕುಸ್‌ಕುಸ್ ಸುರಿದು ಐದು ನಿಮಿಷ ಮುಚ್ಚಿಡಿ. ಉದುರುದುರಾದ ತಿಂಡಿ ಸಿದ್ಧ.

ಕಡಲೆಹಿಟ್ಟು ದಕ್ಷಿಣ ಫ್ರಾನ್ಸ್‌ನಲ್ಲಿ ಸುಲಭ. ನೀಸ್ ನಗರದವರು ಅದರಿಂದಲೇ ಸೊಕ್ಕಾ ಎಂಬ ದೊಡ್ಡ ದೋಸೆಯಂಥದ್ದು ಮಾಡುತ್ತಾರೆ. ಪೊಟ್ಟಣದ ಮೇಲೆ ‘ಫಾರೀನ್ ದ ಪ್ವಾ ಶಿಶ್’ ಎಂದಿರುತ್ತದೆ. ಅಲ್ಲಿನ ಹಸಿ ಬದನೆಕಾಯಿ, ಈರುಳ್ಳಿ ಜತೆ ಬಜ್ಜಿ ಅದ್ಭುತವಾಗುತ್ತದೆ.

ಮೊಸರಿಗೆ ‘ಯಾವೂರ್ ನಾತ್ಯೂರ್’, ಸಕ್ಕರೆ ಹಾಕದ್ದು. ‘ಫ್ರೊಮಾಜ್ ಬ್ಲಾಂ’ ಡಬ್ಬಿ ಮೊಸರಿನಂತೆಯೇ ಕಾಣುತ್ತದೆ, ಆದರೆ ಅದು ಗಟ್ಟಿ ತಾಜಾ ಚೀಸ್, ಮೊಸರನ್ನಕ್ಕೆ ಹೊಂದುವುದಿಲ್ಲ. ಫ್ರಾನ್ಸ್‌ನ ವಾಯವ್ಯದ ಬ್ರಿಟನಿ ಪ್ರಾಂತ್ಯದಲ್ಲಿ ‘ಲೇ ರಿಬೋ’ ಎಂಬ ಮಜ್ಜಿಗೆ ಬಾಟಲಿಯಲ್ಲಿ ಸಿಗುತ್ತದೆ. ಉಪ್ಪು, ಶುಂಠಿ, ಕೊತ್ತಂಬರಿ ಹಾಕಿ ಕುಡಿದರೆ ಬಿಸಿಲಿನ ದಣಿವು ಇಳಿಯುತ್ತದೆ.

ಹಾಲಿನ ಬಾಟಲಿ ಮುಚ್ಚಳದ ಬಣ್ಣ ನೋಡಿ: ಕೆಂಪು ಪೂರ್ತಿ ಕೆನೆಯದು, ನೀಲಿ ಅರ್ಧ, ಹಸಿರು ಕೆನೆ ತೆಗೆದದ್ದು. ಕಾಫಿಗೆ ಕೆಂಪೇ ಇರಲಿ. ತುಪ್ಪ ಬೇಕಿದ್ದರೆ ಉಪ್ಪಿಲ್ಲದ ‘ದೂ’ ಬೆಣ್ಣೆ ಕೊಂಡು ಕಾಯಿಸಿ. ‘ದೆಮಿ ಸೆಲ್’ ಎಂದಿರುವುದು ಉಪ್ಪು ಹಾಕಿದ್ದು.

ಊರಿಂದ ಏನು ತರಬಹುದು, ಏನು ತರಬಾರದು?

ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಸಾಸಿವೆ, ಇಂಗು, ಹುಣಸೆಹಣ್ಣು, ಕಾಫಿಪುಡಿ ತನ್ನಿ. ತುಪ್ಪ, ಪನೀರ್, ಪೇಡದಂಥ ಹಾಲಿನ ಪದಾರ್ಥ, ಯಾವುದೇ ಮಾಂಸದ ಪದಾರ್ಥ ಯುರೋಪಿನ ಒಕ್ಕೂಟದ ಹೊರಗಿನಿಂದ ತರುವಂತಿಲ್ಲ. ಹಸಿ ಕರಿಬೇವನ್ನೂ ತರಬೇಡಿ, ಹಸಿ ಎಲೆ, ಗಿಡ, ಬಹುಪಾಲು ಹಣ್ಣುಗಳಿಗೆ ಸಸ್ಯರೋಗ ತಪಾಸಣೆಯ ಪತ್ರ ಬೇಕು. ಬೆಂಗಳೂರಿನಿಂದ ನೇರವಾಗಿ ಪ್ಯಾರಿಸ್‌ಗೆ ಬಂದಿಳಿಯುವವರು ಗಾರ್ ದ್ಯು ನೋರ್ ನಿಲ್ದಾಣದ ಹತ್ತಿರದ ಲಾ ಶಪೆಲ್ ಬಡಾವಣೆಗೆ ಹೋಗಿಬರಬಹುದು. ಶ್ರೀಲಂಕಾದ ತಮಿಳರ ಅಂಗಡಿಗಳಲ್ಲಿ ಕರಿಬೇವು, ತೊಗರಿಬೇಳೆ, ನುಗ್ಗೇಕಾಯಿ ಸಿಗುತ್ತವೆ. ಕಾರನ್ನು ಮರುದಿನ ತೆಗೆದುಕೊಳ್ಳಿ, ಆ ಬೀದಿಗಳಲ್ಲಿ ಕಾರು ನಿಲ್ಲಿಸುವುದು ಆಗದ ಮಾತು.

ಫ್ರೆಂಚ್ ಬರುವುದಿಲ್ಲ, ತೊಂದರೆಯಾಗುತ್ತದಾ?

ಬಾಗಿಲು ದಾಟಿದ ಕೂಡಲೇ ‘ಬೋಂಜೂರ್’ ಅನ್ನಿ. ಬೇಡಿಕೆ ಆಮೇಲೆ. ಹೊರಡುವಾಗ ‘ಮೆರ್ಸಿ, ಓ ರೆವ್ವಾರ್’. ಇಷ್ಟು ಹೇಳಿದವರಿಗೆ ಹಳ್ಳಿಯ ಜನ ಕೈಸನ್ನೆಯಲ್ಲೇ ಎಲ್ಲವನ್ನೂ ತೋರಿಸಿಕೊಡುತ್ತಾರೆ. ಹೇಳದೆ ನೇರ ಬೆರಳು ತೋರಿಸಿದರೆ ಮುಖ ಬಿಗಿಯುತ್ತದೆ. ಅದು ಅಹಂಕಾರವಲ್ಲ, ಮನೆಗೆ ಬಂದವರು ಮಾತಾಡಿಸದೆ ಒಳಗೆ ನುಗ್ಗಿದರೆ ನಮಗೂ ಹಾಗೇ ಅನ್ನಿಸುತ್ತದೆ.

ಕಾರ್ಡಾ, ಕ್ಯಾಶಾ?

ಎರಡೂ. ಸೂಪರ್‌ಮಾರ್ಕೆಟ್‌ನಲ್ಲಿ ಕಾರ್ಡ್. ಸಂತೆ, ತೋಟದ ಮನೆ, ಬೇಕರಿಗೆ ಚಿಲ್ಲರೆ. ಸಣ್ಣ ಅಂಗಡಿಗಳಲ್ಲಿ 5 ಅಥವಾ 10 ಯೂರೋಗಿಂತ ಕಡಿಮೆಗೆ ಕಾರ್ಡ್ ತೆಗೆದುಕೊಳ್ಳದೇ ಇರಬಹುದು. ಎಟಿಎಂ ಪ್ರತಿ ಹಳ್ಳಿಯಲ್ಲಿ ಇಲ್ಲ, ಪಟ್ಟಣ ಬಿಡುವ ಮುಂಚೆ ಹಣ ತೆಗೆಯಿರಿ.

ಅಂಗಡಿಯೇ ಇಲ್ಲದ ಹಳ್ಳಿಯಲ್ಲಿ ಉಳಿದರೆ?

ಮನೆ ಮಾಲೀಕರನ್ನು ಒಂದು ಮಾತು ಕೇಳಿ: ಬ್ರೆಡ್ ವ್ಯಾನ್ ಬರುತ್ತದಾ, ಎಷ್ಟು ಹೊತ್ತಿಗೆ? ಅನೇಕ ಹಳ್ಳಿಗಳಲ್ಲಿ ಬೇಕರಿಯ ವ್ಯಾನ್ ಹಾರ್ನ್ ಹೊಡೆಯುತ್ತಾ ಬರುತ್ತದೆ, ಬೀದಿಯವರು ಹೊರಬಂದು ಕೊಳ್ಳುತ್ತಾರೆ. ಕೆಲವೆಡೆ ರಸ್ತೆ ಬದಿಯಲ್ಲಿ ಬಾಗೆಟ್ ಕೊಡುವ ಯಂತ್ರಗಳಿವೆ, ನಾಣ್ಯ ಹಾಕಿದರೆ ಬ್ರೆಡ್. ರೈತರು ಇಟ್ಟ ಗಾಜಿನ ಕಪಾಟುಗಳಲ್ಲಿ ಮೊಟ್ಟೆ, ಆಲೂಗಡ್ಡೆ, ಟೊಮೆಟೊ ಇರುತ್ತವೆ, ಹಣ ಕಟ್ಟಿದರೆ ಆ ಬಾಗಿಲು ತೆರೆದುಕೊಳ್ಳುತ್ತದೆ. ‘ವಾಂತ್ ಆ ಲಾ ಫೆರ್ಮ್’ ಎಂಬ ಫಲಕ ಕಂಡರೆ ತೋಟದಲ್ಲೇ ಮಾರುತ್ತಾರೆ ಎಂದರ್ಥ, ಧೈರ್ಯವಾಗಿ ಒಳಗೆ ತಿರುಗಿಸಿ. ಕ್ಯಾಂಪಿಂಗ್ ಜಾಗಗಳಲ್ಲಿ ಹಿಂದಿನ ಸಂಜೆ ಹೇಳಿಟ್ಟರೆ ಬೆಳಿಗ್ಗೆ ಬ್ರೆಡ್ ತರಿಸಿಕೊಡುವ ರೂಢಿ ಇದೆ.

ಬಿಸಿಲಿನಲ್ಲಿ ಕಾರಿನೊಳಗೆ ಸಾಮಾನು ಕೆಡುವುದಿಲ್ಲವಾ?

ಕೆಡುತ್ತದೆ. ಜುಲೈನಲ್ಲಿ ನಿಲ್ಲಿಸಿದ ಕಾರಿನಲ್ಲಿ ಬೆಣ್ಣೆ ಅರ್ಧ ಗಂಟೆ ತಡೆಯುವುದಿಲ್ಲ. ಮೊದಲ ದಿನವೇ ಸೂಪರ್‌ಮಾರ್ಕೆಟ್‌ನಲ್ಲಿ ‘ಗ್ಲಾಸಿಯೇರ್’, ಅಂದರೆ ಐಸ್ ಪೆಟ್ಟಿಗೆ, ಮತ್ತು ಐಸ್ ಪ್ಯಾಕ್ ಕೊಳ್ಳಿ. ರಾತ್ರಿ ಫ್ರೀಜರ್‌ನಲ್ಲಿಟ್ಟು ಬೆಳಿಗ್ಗೆ ಪೆಟ್ಟಿಗೆಗೆ ಹಾಕಿ. ಫ್ರೀಜರ್ ಇಲ್ಲದ ಕಡೆ ನೀರಿನ ಬಾಟಲಿಯನ್ನು ಗಟ್ಟಿ ಮಾಡಿಕೊಡಿ ಎಂದು ಮಾಲೀಕರನ್ನು ಕೇಳಬಹುದು. ಅಲ್ಲಿ ಹೆಚ್ಚಾಗಿ ಮಾರುವ ಉದ್ದ ಬಾಳಿಕೆಯ ಹಾಲು ಮುಚ್ಚಳ ತೆರೆಯುವವರೆಗೆ ಹೊರಗೇ ಇರಬಹುದು, ಮೊಟ್ಟೆಯನ್ನೂ ಅಂಗಡಿಯಲ್ಲಿ ಹೊರಗೇ ಇಟ್ಟಿರುತ್ತಾರೆ.

ಎರಡು ತಾರೀಖುಗಳನ್ನು ಬೇರೆ ಮಾಡಿ ನೋಡಿ. ‘ಆ ಕೊನ್ಸೊಮೆ ಜುಸ್ಕೋ’ ಎಂದಿದ್ದರೆ ಅದೇ ಕೊನೆಯ ದಿನ. ‘ದ ಪ್ರೆಫೆರಾನ್ಸ್’ ಎಂಬ ಪದ ಇದ್ದರೆ ಆಮೇಲೂ ತಿನ್ನಬಹುದು, ರುಚಿ ಸ್ವಲ್ಪ ಕಡಿಮೆಯಾಗಬಹುದು ಅಷ್ಟೇ.

ಕುಡಿಯುವ ನೀರು?

ನಲ್ಲಿ ನೀರು ಕುಡಿಯಬಹುದು. ಊರ ಕಾರಂಜಿಯಲ್ಲಿ ‘ಓ ಪೊತಾಬ್ಲ್’ ಎಂದಿದ್ದರೆ ಬಾಟಲಿ ತುಂಬಿಕೊಳ್ಳಿ, ‘ನೋಂ ಪೊತಾಬ್ಲ್’ ಎಂದಿದ್ದರೆ ಬೇಡ.

ಜ್ವರದ ಮಾತ್ರೆ ಸೂಪರ್‌ಮಾರ್ಕೆಟ್‌ನಲ್ಲಿ ಸಿಗುತ್ತದಾ?

ಇಲ್ಲ. ಪ್ಯಾರಾಸಿಟಮಾಲ್ ಕೂಡ ಹಸಿರು ಶಿಲುಬೆ ಗುರುತಿನ ಔಷಧಿ ಅಂಗಡಿಯಲ್ಲಿ ಮಾತ್ರ. ಮಗುವಿನ ಆಹಾರ, ಡಯಾಪರ್ ಸೂಪರ್‌ಮಾರ್ಕೆಟ್‌ನಲ್ಲಿ ಧಾರಾಳವಾಗಿವೆ.

ದಿನಸಿ ಜತೆಗೇ ಪೆಟ್ರೋಲ್ ಹಾಕಿಸಬಹುದಾ?

ಅದೇ ಒಳ್ಳೆಯದು. ಸೂಪರ್‌ಮಾರ್ಕೆಟ್ ಪಂಪುಗಳಲ್ಲಿ ಬೆಲೆ ಹೆದ್ದಾರಿಗಿಂತ ಸಾಕಷ್ಟು ಕಡಿಮೆ. ‘ಗಾಝೋಲ್’ ಅಂದರೆ ಡೀಸೆಲ್, ಅದರ ಗುರುತು ಚೌಕದೊಳಗೆ ಬಿ7. ಪೆಟ್ರೋಲ್‌ಗೆ ವೃತ್ತದೊಳಗೆ ಇ5 ಅಥವಾ ಇ10. ಟ್ಯಾಂಕ್ ಮುಚ್ಚಳದ ಒಳಗೂ ಅದೇ ಗುರುತು ಇರುತ್ತದೆ, ಎರಡನ್ನೂ ಹೊಂದಿಸಿ ನೋಡಿ. ಅನೇಕ ಪಂಪುಗಳು ರಾತ್ರಿಯೂ ಕಾರ್ಡ್‌ನಲ್ಲಿ ನಡೆಯುತ್ತವೆ, ಪಿನ್ ಬೇಕು. ಮೊದಲು ದೊಡ್ಡ ಮೊತ್ತವೊಂದನ್ನು ತಡೆಹಿಡಿದು, ಆಮೇಲೆ ಹಾಕಿಸಿದ್ದಕ್ಕಷ್ಟೇ ಕಡಿತ ಮಾಡುತ್ತವೆ. ಖಾತೆಯಲ್ಲಿ ಅದಕ್ಕೆ ಸಾಕಾಗುವಷ್ಟು ಹಣವಿರಲಿ. ಕ್ಯಾಂಪರ್ ವ್ಯಾನ್ ಓಡಿಸುವವರು ಪಾರ್ಕಿಂಗ್ ಪ್ರವೇಶದಲ್ಲಿ ಅಡ್ಡಲಾಗಿ ತೂಗುವ ಎತ್ತರ ಮಿತಿಯ ಕಂಬಿ ನೋಡಿಕೊಳ್ಳಿ. ಕಾರು ಹಿಂದಿರುಗಿಸುವ ದಿನ ವಿಮಾನ ನಿಲ್ದಾಣದ ಒಳಗಿನ ಪಂಪ್ ಬದಲು ಅದಕ್ಕೂ ಮುಂಚಿನ ಊರಿನ ಸೂಪರ್‌ಮಾರ್ಕೆಟ್‌ನಲ್ಲಿ ಟ್ಯಾಂಕ್ ತುಂಬಿಸಿ, ರಸೀದಿ ಕೇಳಿ ಇಟ್ಟುಕೊಳ್ಳಿ.